ಬಾಗಿಲ ಬುಡದ ಪಟ್ಟಿ: ಎರಡು ಲ್ಯಾಮಿನೇಟ್ ನೆಲಗಳು ಸೇರುವ ಜಾಗದ ಲೆಕ್ಕಾಚಾರ

ಜುಲೈ ತಿಂಗಳ ಒಂದು ಬೆಳಿಗ್ಗೆ ಮಲಗುವ ಕೋಣೆಯಿಂದ ಹೊರಗೆ ಬರುವಾಗ ಬಾಗಿಲ ಹತ್ತಿರ ಅಂಗಾಲಿಗೆ ಏನೋ ಉಬ್ಬು ತಗುಲಿತು. ದೀಪ ಹಾಕಿ ನೋಡಿದರೆ ನೆಲದ ಹಲಗೆ ಬೆನ್ನೆತ್ತಿ ನಿಂತಿತ್ತು. ತುಳಿದರೆ ಕೆಳಗೆ ಹೋಗುತ್ತದೆ, ಕಾಲು ತೆಗೆದರೆ ಮತ್ತೆ ಏಳುತ್ತದೆ, ಜೊತೆಗೆ ಕಿರ್ರೆಂಬ ಸದ್ದು. ಲ್ಯಾಮಿನೇಟ್ ಹಾಸಿ ನಾಲ್ಕೇ ತಿಂಗಳಾಗಿತ್ತು. ಎಲ್ಲೋ ಪೈಪು ಸೋರಿ ನೀರು ಸೇರಿರಬೇಕು ಎಂದುಕೊಂಡು ಬಚ್ಚಲಿನ ಗೋಡೆಯನ್ನೆಲ್ಲ ತಡವಿ ನೋಡಿದೆ. ತೇವವಿರಲಿಲ್ಲ.

ಪರಿಚಯದ ಬಡಗಿಯೊಬ್ಬರು ಬಂದರು. ಅವರು ಉಬ್ಬಿದ ಹಲಗೆಯ ಕಡೆ ಹೆಚ್ಚು ನೋಡಲೇ ಇಲ್ಲ. ಸೀದಾ ಬಾಗಿಲ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು, ಮಲಗುವ ಕೋಣೆಯ ನೆಲವೂ ಓದುವ ಕೋಣೆಯ ನೆಲವೂ ಸೇರುವ ಕಡೆ ಬಡಿದಿದ್ದ ಅಲ್ಯೂಮಿನಿಯಂ ಪಟ್ಟಿಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿದರು. ಕೊನೆಯ ಸ್ಕ್ರೂ ಸಡಿಲವಾಗುತ್ತಿದ್ದಂತೆ ಪಟ್ಟಿ ಟಕ್ಕೆಂದು ಪಕ್ಕಕ್ಕೆ ಜಿಗಿಯಿತು. ಹಲಗೆಯ ಉಬ್ಬು ಕಣ್ಣೆದುರೇ ಒಂದಿಷ್ಟು ಇಳಿಯಿತು. "ನೆಲಕ್ಕೆ ಏನೂ ಆಗಿಲ್ಲ ಸಾರ್. ಉಸಿರು ಕಟ್ಟಿತ್ತು, ಅಷ್ಟೆ" ಎಂದರು.

ಪಟ್ಟಿಯ ಅಡಿಯಲ್ಲಿ ಕಂಡದ್ದು ಇಷ್ಟು: ಎರಡು ನೆಲಗಳ ನಡುವೆ ಐದು ಮಿಲಿಮೀಟರ್ ಸಂದು ಬಿಟ್ಟು, ಅದರೊಳಗೆ ಸಿಲಿಕೋನ್ ತುಂಬಿ, ಮೇಲಿನ ಪಟ್ಟಿಯನ್ನು ಎರಡೂ ಬದಿಯ ಹಲಗೆಗಳ ಮೂಲಕವೇ ಸ್ಕ್ರೂ ಹಾಕಿ ನೆಲಕ್ಕೆ ಬಿಗಿಯಲಾಗಿತ್ತು. ಕೆಲಸ ಮಾಡಿದವರ ಪಾಲಿಗೆ ಅದು ಗಟ್ಟಿಮುಟ್ಟಾದ ಕೆಲಸ. ಲ್ಯಾಮಿನೇಟಿನ ಪಾಲಿಗೆ ಮಾತ್ರ ಆ ಗಟ್ಟಿತನವೇ ಕುತ್ತು.

ಈ ಪಟ್ಟಿಯನ್ನು ನಾವೆಲ್ಲ ಸಂದು ಮುಚ್ಚುವ ಸಾಧನ ಎಂದು ಭಾವಿಸುತ್ತೇವೆ. ಅಂಗಡಿಯವರೂ ಹಾಗೆಯೇ ಮಾರುತ್ತಾರೆ. ನಿಜಕ್ಕೂ ಅದರ ಕೆಲಸ ಸಂದನ್ನು ಸಂದಾಗಿಯೇ ಉಳಿಸಿಕೊಂಡು, ಅದು ಕಾಲಿಗೂ ಕಣ್ಣಿಗೂ ಕಾಣದಂತೆ ನೋಡಿಕೊಳ್ಳುವುದು. ಇದೊಂದು ತಲೆಗೆ ಹೊಕ್ಕರೆ ಯಾವ ಪಟ್ಟಿ ಕೊಳ್ಳಬೇಕು, ಎಷ್ಟು ಅಗಲ ಬಿಡಬೇಕು, ಸ್ಕ್ರೂ ಎಲ್ಲಿ ಹಾಕಬೇಕು ಎಂಬುದೆಲ್ಲ ತಾನಾಗಿ ಹೊಳೆಯುತ್ತದೆ.

ಮೊದಲು ನೆಲ ಏಕೆ ಅಲುಗಾಡುತ್ತದೆ ಎಂಬುದನ್ನು ನೋಡೋಣ. ಲ್ಯಾಮಿನೇಟ್ ಹಲಗೆ ಮರದಂತೆ ಕಾಣುತ್ತದೆಯೇ ಹೊರತು ಮರವಲ್ಲ. ಮರದ ನಾರನ್ನು ರಾಳದ ಜೊತೆ ಬೆರೆಸಿ, ಬಿಸಿಯಲ್ಲಿ ಒತ್ತಿ ಮಾಡಿದ ದಟ್ಟವಾದ ಹಲಗೆ ಅದರ ಹೊಟ್ಟೆ. ಅದರ ಮೇಲೆ ಮರದ ಚಿತ್ರ ಅಚ್ಚಾದ ಕಾಗದ, ಅದರ ಮೇಲೆ ಸವೆತ ತಡೆಯುವ ಮೆಲಮೈನ್ ಪದರ. ಹಲಗೆ ಬಾಗದಿರಲೆಂದು ಅಡಿಯಲ್ಲೂ ಒಂದು ಪದರ. 1977ರಲ್ಲಿ ಸ್ವೀಡನ್ನಿನ ಪೆರ್ಸ್ಟಾರ್ಪ್ ಕಂಪನಿ ಇದನ್ನು ರೂಪಿಸಿತು; ಪರ್ಗೋ ಎಂಬ ಹೆಸರಿನಲ್ಲಿ ಅದು ಪೇಟೆಗೆ ಬಂತು. ಆಗ ಹಲಗೆಯಿಂದ ಹಲಗೆಗೆ ಅಂಟು ಹಾಕಿ ಜೋಡಿಸಬೇಕಿತ್ತು. 1990ರ ದಶಕದ ಉತ್ತರಾರ್ಧದಲ್ಲಿ ಅಂಟಿಲ್ಲದೆ ಒಂದಕ್ಕೊಂದು ಕಚ್ಚಿಕೊಳ್ಳುವ ಕ್ಲಿಕ್ ಜೋಡಣೆ ಬಂದ ಮೇಲೆ ಎರಡು ದಿನದ ಕೆಲಸ ಅರ್ಧ ದಿನಕ್ಕೆ ಇಳಿಯಿತು.

ಹೊಟ್ಟೆಯೊಳಗಿನದು ಮರದ ನಾರು ತಾನೆ? ಹಾಗಾಗಿ ಅದು ಗಾಳಿಯ ತೇವ ಹೀರಿ ಹಿಗ್ಗುತ್ತದೆ, ಒಣ ಹವೆಗೆ ಕುಗ್ಗುತ್ತದೆ. ಮಳೆಗಾಲದಲ್ಲಿ ಹಳೆಯ ಮನೆಯ ಕದ ಚೌಕಟ್ಟಿಗೆ ಕಚ್ಚಿಕೊಂಡು, ಭುಜ ಕೊಟ್ಟು ತಳ್ಳಿದರೆ ಮಾತ್ರ ತೆರೆಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವ್ಯತ್ಯಾಸವಿದೆ. ಇಡೀ ಮರದ ಹಲಗೆ ಹಿಗ್ಗುವುದು ಮುಖ್ಯವಾಗಿ ಅಗಲಕ್ಕೆ. ಉದ್ದಕ್ಕೆ ತೀರಾ ಕಡಿಮೆ. ಲ್ಯಾಮಿನೇಟಿನಲ್ಲಿ ನಾರು ಎಲ್ಲ ದಿಕ್ಕಿಗೂ ಚದುರಿರುವುದರಿಂದ ಉದ್ದಕ್ಕೂ ಹಿಗ್ಗುತ್ತದೆ, ಅಗಲಕ್ಕೂ ಹಿಗ್ಗುತ್ತದೆ. ಹಲಗೆಯನ್ನು ಯಾವ ದಿಕ್ಕಿಗೆ ಹಾಸಿದರೂ ತಪ್ಪಿಸಿಕೊಳ್ಳುವಂತಿಲ್ಲ.

ಮೀಟರಿಗೆ ಒಂದು ಮಿಲಿಮೀಟರ್ ಎಂದು ಹಿಡಿಯುವುದು ಕೆಲಸದವರ ಅಂದಾಜು. ಹನ್ನೆರಡು ಅಡಿ ಕೋಣೆಗೆ ಅದು ಮೂರೂವರೆ ಮಿಲಿಮೀಟರ್ ಚಿಲ್ಲರೆ. ಇದಕ್ಕಾಗಿಯೇ ಹೆಚ್ಚಿನ ತಯಾರಕರು ಕೋಣೆಯ ಸುತ್ತಲೂ ಗೋಡೆಯಿಂದ 8ರಿಂದ 10 ಮಿಲಿಮೀಟರ್ ಜಾಗ ಬಿಡಲು ಹೇಳುತ್ತಾರೆ. ಗೋಡೆಯ ಬುಡಕ್ಕೆ ಹೊಡೆಯುವ ಪಟ್ಟಿ, ಅಂದರೆ ಸ್ಕರ್ಟಿಂಗ್, ಅದನ್ನು ಮರೆಮಾಡುತ್ತದೆ. ಹಲಗೆಗಳನ್ನು ನೆಲಕ್ಕೆ ಅಂಟಿಸುವುದಿಲ್ಲ, ಮೊಳೆ ಹೊಡೆಯುವುದಿಲ್ಲ. ತೆಳುವಾದ ಫೋಮಿನ ಮೇಲೆ ಇಡೀ ಕೋಣೆಯ ಹಾಸು ಒಂದೇ ದೊಡ್ಡ ತೆಪ್ಪದಂತೆ ತೇಲುತ್ತಿರುತ್ತದೆ.

ಮೂರು ಮಿಲಿಮೀಟರಿಗೆ ಇಷ್ಟೊಂದು ಗಲಾಟೆಯೇ ಎಂದು ನನಗೂ ಅನ್ನಿಸಿತ್ತು. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯದಲ್ಲಿ ಇಟ್ಟು ನೋಡಿ. 1200 ಮಿಲಿಮೀಟರ್ ಉದ್ದದ ಹಲಗೆಗೆ ಎರಡೇ ಮಿಲಿಮೀಟರ್ ಜಾಗ ಕಡಿಮೆಯಾಯಿತು ಎನ್ನೋಣ. ನಡುವೆ ಮಡಿಸಿದಂತೆ ಅದು ಮೇಲೆದ್ದರೆ 600ರ ವರ್ಗದಿಂದ 599ರ ವರ್ಗವನ್ನು ಕಳೆದು ವರ್ಗಮೂಲ ತೆಗೆಯಬೇಕು: ಸುಮಾರು 35 ಮಿಲಿಮೀಟರ್! ಎರಡು ಮಿಲಿಮೀಟರ್ ಒತ್ತಡಕ್ಕೆ ಮೂರೂವರೆ ಸೆಂಟಿಮೀಟರ್ ಗುಡ್ಡ. ಹಲಗೆಯ ಸ್ವಂತ ತೂಕ, ಕ್ಲಿಕ್ ಜೋಡಣೆಯ ಬಿಗಿ, ಮೇಲಿನ ಸಾಮಾನು ಎಲ್ಲ ಸೇರಿ ಅಷ್ಟು ಎತ್ತರಕ್ಕೆ ಬಿಡುವುದಿಲ್ಲ ನಿಜ. ಆದರೆ ಅಂಗಾಲಿಗೆ ಉಬ್ಬು ಏಕೆ ತಗುಲಿತು ಎಂಬುದಕ್ಕೆ ಉತ್ತರ ಸಿಕ್ಕಿತು.

ಇನ್ನು ಬಾಗಿಲಲ್ಲೇ ಏಕೆ? ಎರಡು ಕೋಣೆಗಳ ಹಾಸನ್ನು ಬಾಗಿಲ ಮೂಲಕ ಒಂದೇ ಸಮನೆ ಎಳೆದುಕೊಂಡು ಹೋದರೆ ಎರಡು ದೊಡ್ಡ ತೆಪ್ಪಗಳನ್ನು ಸಣ್ಣ ಕುತ್ತಿಗೆಯಲ್ಲಿ ಕಟ್ಟಿದ ಹಾಗೆ. ಅವು ಬೇರೆ ಬೇರೆ ಅಳತೆಯವು. ಒಂದರಲ್ಲಿ ಬಿಸಿಲು ಬೀಳುತ್ತದೆ, ಇನ್ನೊಂದರಲ್ಲಿ ಎ.ಸಿ. ಓಡುತ್ತದೆ. ಒಂದು ಈ ಕಡೆಗೆ ಸರಿದರೆ ಮತ್ತೊಂದು ಆ ಕಡೆಗೆ. ಎಳೆದಾಟವೆಲ್ಲ ಎಂಬತ್ತು ಸೆಂಟಿಮೀಟರ್ ಅಗಲದ ಕುತ್ತಿಗೆಯ ಮೇಲೆ. ಅಲ್ಲಿ ಕ್ಲಿಕ್ ಬಿಟ್ಟುಕೊಳ್ಳುತ್ತದೆ ಅಥವಾ ಹಲಗೆ ಉಬ್ಬುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ಇನ್ನೊಂದು ತೊಡಕೂ ಸೇರಿಕೊಳ್ಳುತ್ತದೆ: ವಾರ್ಡ್‌ರೋಬ್. ಪ್ಲೈವುಡ್ಡಿನಲ್ಲಿ ಮನೆಯಲ್ಲೇ ಕಟ್ಟಿ ಗೋಡೆಗೆ ಬಿಗಿದ, ಬಟ್ಟೆ, ಕಂಬಳಿ, ಮೇಲಿನ ಅಟ್ಟದಲ್ಲಿ ಸೂಟ್‌ಕೇಸು ತುಂಬಿದ ದೈತ್ಯ. ಅದನ್ನು ಲ್ಯಾಮಿನೇಟಿನ ಮೇಲೆ ನಿಲ್ಲಿಸಿದರೆ ಆ ಬದಿಯ ನೆಲ ಅಲುಗುವುದಿಲ್ಲ. ಎರಡೂ ಕಡೆಗೆ ಹಂಚಿಹೋಗಬೇಕಾದ ಹಿಗ್ಗುವಿಕೆ ಪೂರ್ತಿಯಾಗಿ ಎದುರಿನ ಬದಿಗೆ, ಅಂದರೆ ಬಾಗಿಲಿಗೆ ಬರುತ್ತದೆ. ನನ್ನ ಮನೆಯಲ್ಲಿ ಆದದ್ದೂ ಅದೇ. ಲ್ಯಾಮಿನೇಟ್ ಹಾಸುವ ಮೊದಲೇ ವಾರ್ಡ್‌ರೋಬ್ ನಿಲ್ಲಿಸಿ, ಹಾಸನ್ನು ಅದರ ಬುಡದವರೆಗೆ ತಂದು ಅಲ್ಲಿಯೂ ಸಂದು ಬಿಡುವುದು ಸರಿಯಾದ ಕ್ರಮ. ಇದನ್ನು ನನಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ಆಗ ಕೇಳುತ್ತಿದ್ದೆನೋ ಇಲ್ಲವೋ.

ಹಳೆಯ ಮನೆಗಳಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಆಗಿನ ಬಾಗಿಲ ಚೌಕಟ್ಟಿಗೆ ನಾಲ್ಕು ಬದಿ, ಕೆಳಗಿನದೇ ಹೊಸ್ತಿಲು. ಒಳಗಿನ ನೆಲ ಹೊಸ್ತಿಲಿನ ಈಚೆ ಮುಗಿಯುತ್ತಿತ್ತು, ಆಚೆಯದು ಆಚೆ ಶುರುವಾಗುತ್ತಿತ್ತು. ಈಗಿನ ಫ್ಲ್ಯಾಟುಗಳಲ್ಲಿ ಮುಂಬಾಗಿಲಿಗೆ ಮಾತ್ರ ಹೊಸ್ತಿಲು, ಒಳಬಾಗಿಲುಗಳ ಚೌಕಟ್ಟಿಗೆ ಮೂರೇ ಬದಿ. ಹಾಗಾಗಿ ನೆಲ ಅಡ್ಡಿಯಿಲ್ಲದೆ ಹರಿಯುತ್ತದೆ. ಆ ಕಳೆದುಹೋದ ನಾಲ್ಕನೆಯ ಬದಿಯ ಕೆಲಸ ತೆಳ್ಳನೆಯ ಪಟ್ಟಿಯ ಪಾಲಿಗೆ ಬಂದಿದೆ. ಹೊಸ್ತಿಲು ಒಳಗೂ ಅಲ್ಲ, ಹೊರಗೂ ಅಲ್ಲ ಎಂಬ ಕಾರಣಕ್ಕೇ ಅಲ್ಲವೇ ನರಸಿಂಹ ಹಿರಣ್ಯಕಶಿಪುವನ್ನು ಅಲ್ಲಿಗೆ ಎಳೆದುಕೊಂಡು ಹೋದದ್ದು? ಪಟ್ಟಿಯ ನಿಯಮವೂ ಅದೇ. ಅದು ಈ ಕೋಣೆಯ ಹಲಗೆಗೂ ಸೇರಬಾರದು, ಆ ಕೋಣೆಯದಕ್ಕೂ ಸೇರಬಾರದು. ಅದರ ಕಾಲು ಊರಬೇಕಾದದ್ದು ಕೆಳಗಿನ ಟೈಲ್ಸ್ ಅಥವಾ ಸಿಮೆಂಟ್ ನೆಲದಲ್ಲಿ ಮಾತ್ರ.

ಅಂಗಡಿಗೆ ಹೋದರೆ ಹತ್ತಾರು ಬಗೆಯ ಪಟ್ಟಿಗಳನ್ನು ತೋರಿಸುತ್ತಾರೆ. ಮುಖ್ಯವಾದವು ಮೂರೇ. ಎರಡೂ ನೆಲಗಳು ಒಂದೇ ಎತ್ತರದಲ್ಲಿದ್ದರೆ ಟಿ-ಪಟ್ಟಿ: ಅಡ್ಡಕ್ಕೆ ಕತ್ತರಿಸಿ ನೋಡಿದರೆ ಇಂಗ್ಲಿಷಿನ ಟಿ ಅಕ್ಷರದ ಆಕಾರ. ಟೊಪ್ಪಿಗೆ ಎರಡೂ ನೆಲಗಳ ಅಂಚಿನ ಮೇಲೆ ಕೂರುತ್ತದೆ, ಕಾಲು ಸಂದಿನೊಳಗೆ ಇಳಿಯುತ್ತದೆ. ಒಂದು ನೆಲ ಎತ್ತರ, ಇನ್ನೊಂದು ತಗ್ಗು ಎಂದಾದರೆ ಇಳಿಜಾರಿನ ರಿಡ್ಯೂಸರ್. ಬಾಲ್ಕನಿಯ ಜಾರುಬಾಗಿಲಿನ ಬುಡದಂತೆ ನೆಲ ಅಲ್ಲಿಗೇ ಮುಗಿಯುವುದಾದರೆ ಎಂಡ್ ಪ್ರೊಫೈಲ್. ಮೆಟ್ಟಿಲ ಅಂಚಿನದು ಬೇರೆಯೇ ಕಥೆ, ಇಲ್ಲಿ ಬೇಡ.

ಎತ್ತರವನ್ನು ಕಣ್ಣಳತೆಯಲ್ಲಿ ನಿರ್ಧರಿಸಬಾರದು, ಕೂಡಿ ನೋಡಬೇಕು. ಎರಡೂ ಕೋಣೆಗಳಲ್ಲಿ 8 ಮಿಲಿಮೀಟರ್ ಹಲಗೆ, 2 ಮಿಲಿಮೀಟರ್ ಫೋಮ್ ಇದ್ದರೆ ಎರಡೂ ಕಡೆ 10. ಟಿ-ಪಟ್ಟಿ ಸರಿಯಾಗಿ ಕೂರುತ್ತದೆ. ಒಂದು ಕಡೆ 12ರ ಹಲಗೆ ಹಾಕಿಸಿದ್ದರೆ ಅಲ್ಲಿ 14 ಆಯಿತು, ನಾಲ್ಕು ಮಿಲಿಮೀಟರ್ ವ್ಯತ್ಯಾಸ. ಎರಡು ಮಿಲಿಮೀಟರಿನವರೆಗೆ ಟಿ-ಪಟ್ಟಿ ಹೇಗೋ ಸುಧಾರಿಸಿಕೊಳ್ಳುತ್ತದೆ. ನಾಲ್ಕಾದರೆ ಒಂದು ಬದಿ ಎದ್ದು ನಿಂತು, ಕಸ ಗುಡಿಸುವಾಗ ಪೊರಕೆಗೆ ಸಿಕ್ಕಿಕೊಳ್ಳುತ್ತದೆ, ಕೆಲವೇ ವಾರಗಳಲ್ಲಿ ಅಲ್ಲಾಡತೊಡಗುತ್ತದೆ. ಅಲ್ಲಿ ರಿಡ್ಯೂಸರ್ ಅಥವಾ ತಲೆ ಓರೆಯಾಗುವ ಅಲ್ಯೂಮಿನಿಯಂ ಪ್ರೊಫೈಲ್ ಬೇಕು. ತಗ್ಗಿನ ಕಡೆ ಫೋಮನ್ನು ಎರಡು ಪದರ ಹಾಕಿ ಎತ್ತರ ಸರಿಮಾಡುವ ಜಾಣತನ ಮಾತ್ರ ಬೇಡ. ಮೆತ್ತಗಿನ ಹಾಸಿನ ಮೇಲೆ ಪ್ರತಿ ಹೆಜ್ಜೆಗೂ ಹಲಗೆ ಕುಸಿದು ಏಳುತ್ತದೆ, ಕ್ಲಿಕ್ಕಿನ ನಾಲಿಗೆ ಮುರಿಯುತ್ತದೆ. ಇನ್ನು ಹಾಲಿನಲ್ಲಿ ಲ್ಯಾಮಿನೇಟ್ ಇಲ್ಲದೆ ವಿಟ್ರಿಫೈಡ್ ಟೈಲ್ಸ್ ಹಾಗೇ ಇದ್ದರೆ ಕೋಣೆಯ ಬಾಗಿಲಲ್ಲಿ ಪೂರ್ತಿ 10 ಮಿಲಿಮೀಟರ್ ಮೆಟ್ಟಿಲು. ಅಲ್ಲಿ ರಿಡ್ಯೂಸರೇ ಗತಿ, ಅದರಲ್ಲೂ ಇಳಿಜಾರು ಆದಷ್ಟು ಉದ್ದವಾಗಿರುವುದನ್ನು ಆರಿಸಬೇಕು. ವಯಸ್ಸಾದವರಿರುವ ಮನೆಯಲ್ಲಿ ಎಡವಿ ಬೀಳಲು ಒಂದು ಸೆಂಟಿಮೀಟರ್ ಧಾರಾಳವಾಗಿ ಸಾಕು.

ಈಗ ಅಳತೆ. ಈ ಕೆಲಸದ ಜೀವ ಇರುವುದು ಇಲ್ಲಿಯೇ, ಆದ್ದರಿಂದ ನನ್ನ ಬಾಗಿಲಿನದನ್ನೇ ಅಂಕಿಅಂಶ ಸಮೇತ ಹೇಳುತ್ತೇನೆ. ಬಡಗಿ ತಂದ ಟಿ-ಪಟ್ಟಿಯ ಟೊಪ್ಪಿಗೆ 45 ಮಿಲಿಮೀಟರ್ ಅಗಲ. ಅದರ ಕಾಲು ಕಚ್ಚಿಕೊಳ್ಳುವ, ನೆಲಕ್ಕೆ ಬಿಗಿಯುವ ಅಲ್ಯೂಮಿನಿಯಂ ಹಳಿ 12 ಮಿಲಿಮೀಟರ್. ನಡುಗೆರೆಯಿಂದ ಲೆಕ್ಕ ಹಾಕಿದರೆ ಟೊಪ್ಪಿಗೆ ಪ್ರತಿ ಬದಿಗೆ 22.5, ಹಳಿ ಪ್ರತಿ ಬದಿಗೆ 6. ಹಲಗೆಯ ಅಂಚು ಹಳಿಯಿಂದ 8 ಮಿಲಿಮೀಟರ್ ದೂರದಲ್ಲಿರಬೇಕು ಎಂದಾದರೆ ನಡುಗೆರೆಯಿಂದ 14. ಅಂದರೆ ಒಟ್ಟು ಸಂದು 28 ಮಿಲಿಮೀಟರ್. ಟೊಪ್ಪಿಗೆ ಪ್ರತಿ ಹಲಗೆಯ ಮೇಲೂ 8.5 ಮಿಲಿಮೀಟರ್ ಹೊದೆಯುತ್ತದೆ.

ಮಳೆಗಾಲದಲ್ಲಿ ಹಲಗೆ ಮೂರು ಮಿಲಿಮೀಟರ್ ಮುಂದೆ ಬಂದರೂ ಹಳಿಗೆ ಇನ್ನೂ ಐದು ಮಿಲಿಮೀಟರ್ ದೂರ. ಬೇಸಿಗೆಯಲ್ಲಿ ಮೂರು ಹಿಂದೆ ಹೋದರೂ ಹೊದಿಕೆಯಲ್ಲಿ ಐದೂವರೆ ಉಳಿಯುತ್ತದೆ. ಎರಡೂ ಕಾಲಕ್ಕೆ ನಿಶ್ಚಿಂತೆ. ಇದೇ ಸಂದನ್ನು ಧಾರಾಳವಾಗಿ 40 ಬಿಟ್ಟಿದ್ದರೆ ಹೊದಿಕೆ ಎರಡೂವರೆ ಮಾತ್ರ. ಶಿವರಾತ್ರಿ ಕಳೆಯುವಷ್ಟರಲ್ಲಿ ಪಟ್ಟಿಯ ಪಕ್ಕದಲ್ಲಿ ಕಪ್ಪು ಗೆರೆ ಇಣುಕುತ್ತದೆ. ಜಿಪುಣತನದಿಂದ 16 ಬಿಟ್ಟಿದ್ದರೆ ಆಷಾಢದಲ್ಲಿ ಹಲಗೆ ಹಳಿಗೆ ಢಿಕ್ಕಿ ಹೊಡೆಯುತ್ತದೆ. ನಿಮ್ಮ ಪಟ್ಟಿಯ ಅಗಲ ಬೇರೆಯಿದ್ದರೆ ಅಂಕಿಗಳೂ ಬೇರೆ. ಆದ್ದರಿಂದಲೇ ಹಲಗೆ ಕತ್ತರಿಸುವ ಮೊದಲು ಪಟ್ಟಿ ಕೈಯಲ್ಲಿರಬೇಕು. ನೆಲವೆಲ್ಲ ಮುಗಿಸಿ, ಕೊನೆಯ ಸಂಜೆ ಅಂಗಡಿಗೆ ಓಡಿ ಸಿಕ್ಕ ಪಟ್ಟಿ ತರುವುದು ನಮ್ಮಲ್ಲಿ ತೀರಾ ಮಾಮೂಲು. ಅರ್ಧ ತಕರಾರು ಹುಟ್ಟುವುದು ಆ ಸಂಜೆ.

ಹಾಸಿದ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ನನ್ನ ನೆಲ ಹಾಸಿದ್ದು ಮಾರ್ಚಿನಲ್ಲಿ, ಹಲಗೆ ಒಣಗಿ ಅತ್ಯಂತ ಕುಗ್ಗಿರುವ ಹೊತ್ತಿನಲ್ಲಿ. ಮುಂದೆ ಅದಕ್ಕೆ ಹಿಗ್ಗುವ ದಾರಿಯೊಂದೇ. ಆಗ ಸಂದು ಒಂದೆರಡು ಮಿಲಿಮೀಟರ್ ಹೆಚ್ಚೇ ಇರಲಿ. ಆಗಸ್ಟಿನಲ್ಲಿ ಹಾಸಿದರೆ ಹಲಗೆ ಆಗಲೇ ತೇವ ಕುಡಿದು ಹಿಗ್ಗಿರುತ್ತದೆ, ಮುಂದೆ ಕುಗ್ಗುವುದೇ ಹೆಚ್ಚು. ಆಗ ಹೊದಿಕೆ ಧಾರಾಳವಾಗಿರಬೇಕು. ಮಂಗಳೂರಿನಂಥ ಕಡಲ ತಡಿಯ ಊರಿಗೂ ಕಲಬುರಗಿಯಂಥ ಒಣ ಊರಿಗೂ ಒಂದೇ ಅಳತೆ ಹೊಂದುವುದಿಲ್ಲ. ಪೆಟ್ಟಿಗೆಗಳನ್ನು ತಂದ ದಿನವೇ ಒಡೆದು ಹಾಸದೆ, ಹಾಸುವ ಕೋಣೆಯಲ್ಲೇ 48 ಗಂಟೆ ಮಲಗಿಸಿಡಿ ಎಂದು ತಯಾರಕರು ಬರೆದಿರುವುದು ಸುಮ್ಮನೆ ಅಲ್ಲ. ಗೋದಾಮಿನ ಹವೆಯನ್ನು ಬಿಟ್ಟು ಮನೆಯ ಹವೆಗೆ ಹಲಗೆ ಒಗ್ಗಿಕೊಳ್ಳಬೇಕು.

ಪಟ್ಟಿ ನಿಖರವಾಗಿ ಎಲ್ಲಿ ಕೂರಬೇಕು? ಚೌಕಟ್ಟಿನ ನಟ್ಟನಡುವೆ ಎಂದು ಬಹಳ ಜನ ಎಣಿಸುತ್ತಾರೆ. ಕದ ಮುಚ್ಚಿದಾಗ ಅದರ ಅಡಿಗೆ ಬರಬೇಕು. ಕದ ಸಾಮಾನ್ಯವಾಗಿ ಚೌಕಟ್ಟಿನ ಒಂದು ಅಂಚಿಗೆ ಇರುತ್ತದೆ, ನಡುವಿಗಲ್ಲ. ಎರಡು ಕೋಣೆಗಳಿಗೂ ಬೇರೆ ಬೇರೆ ಬಣ್ಣದ ಹಲಗೆ ಹಾಕಿಸಿದ್ದರೆ, ಬಾಗಿಲು ಮುಚ್ಚಿದಾಗ ಆಚೆಯ ಬಣ್ಣದ ಒಂದು ತುಂಡು ಈಚೆ ಇಣುಕುವುದು ಅಸಹ್ಯವಾಗಿ ಕಾಣುತ್ತದೆ. ಕದ ಮುಚ್ಚಿ, ಅದರ ಎರಡೂ ಮುಖಗಳ ನೇರಕ್ಕೆ ನೆಲದ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅವೆರಡರ ನಡುವೆ ಮೂರನೆಯದನ್ನು ಎಳೆಯಿರಿ. ಅದೇ ಹಳಿಯ ನಡುಗೆರೆ. ಇದನ್ನು ಹಲಗೆ ಹಾಸುವ ಮೊದಲೇ ಮಾಡಿಟ್ಟರೆ ಎಷ್ಟೋ ತಲೆನೋವು ತಪ್ಪುತ್ತದೆ.

ಕದವನ್ನೂ ಮರೆಯಬಾರದು. ಹಳೆಯ ಟೈಲ್ಸ್ ಮೇಲೆಯೇ ಲ್ಯಾಮಿನೇಟ್ ಹಾಸಿದರೆ ನೆಲ ಹತ್ತು ಮಿಲಿಮೀಟರ್ ಏರುತ್ತದೆ, ಪಟ್ಟಿಯ ಟೊಪ್ಪಿಗೆ ಇನ್ನೊಂದಷ್ಟು. ಕದವನ್ನು ಬಿಚ್ಚಿ ಕೆಳ ಅಂಚನ್ನು ಕೀಸಬೇಕಾದೀತು. ಪಟ್ಟಿ ಹಾಕಿದ ಮೇಲೆ ಕದ ತೆರೆಯುವುದಿಲ್ಲ ಎಂದು ಗೊತ್ತಾಗುವುದಕ್ಕಿಂತ ಮೊದಲೇ ಒಂದು ಹಲಗೆ ತುಂಡು, ಅದರಡಿ ಫೋಮ್, ಮೇಲೆ ಪಟ್ಟಿಯ ತುಂಡು ಇಟ್ಟು ಕದ ಆಡಿಸಿ ನೋಡುವುದು ಒಳ್ಳೆಯದು. ಅದೇ ಹಲಗೆ ತುಂಡನ್ನು ಅಡಿಯ ಫೋಮ್ ಸಮೇತ ಚೌಕಟ್ಟಿನ ಬುಡಕ್ಕೆ ತಾಗಿಸಿಟ್ಟು, ಗರಗಸವನ್ನು ಅದರ ಮೇಲೆ ಮಟ್ಟಸವಾಗಿ ಮಲಗಿಸಿ ಕೊಯ್ದರೆ ಮರದ ಚೌಕಟ್ಟಿನ ಕಾಲು ಸರಿಯಾಗಿ ಹಾಸಿನ ಎತ್ತರಕ್ಕೆ ಮೊಟಕಾಗುತ್ತದೆ. ಹಲಗೆ ಆ ಸೀಳಿನೊಳಗೆ ನುಸುಳಿ ನಿಲ್ಲುತ್ತದೆ, ಅಂಚು ಕಾಣುವುದೇ ಇಲ್ಲ. ಒಳಗೂ ಹಿಗ್ಗಲು ಜಾಗ ಇರಲಿ, ಗೋಡೆಗೆ ಮುಟ್ಟಿಸಬೇಡಿ. ಗ್ರಾನೈಟ್ ಚೌಕಟ್ಟಾದರೆ ಈ ಆಟ ನಡೆಯುವುದಿಲ್ಲ. ಹಲಗೆಯನ್ನು ಅದರ ಆಕಾರಕ್ಕೆ ಕತ್ತರಿಸಿ, ಸಂದು ಬಿಟ್ಟು, ರಬ್ಬರಿನಂತೆ ಬಾಗುವ ಬಣ್ಣದ ಸೀಲೆಂಟ್ ತುಂಬಬೇಕು.

ಹಳಿಯನ್ನು ಕೂರಿಸುವಾಗ ಮೊದಲ ಕೆಲಸ ಅಲ್ಲಿನ ಫೋಮನ್ನು ಕತ್ತರಿಸಿ ತೆಗೆಯುವುದು. ಫೋಮಿನ ಮೇಲೆ ಬಿಗಿದ ಹಳಿ ಎಂದಿಗೂ ಗಟ್ಟಿಯಾಗುವುದಿಲ್ಲ. ಆಮೇಲೆ ರಂಧ್ರ. ವಿಟ್ರಿಫೈಡ್ ಟೈಲ್ಸ್‌ಗೆ ಡ್ರಿಲ್ಲಿನ ಸುತ್ತಿಗೆ ಗುಂಡಿ ಒತ್ತಿದರೋ, ಟೈಲ್ಸ್ ಸೀಳಿತೆಂದೇ ಲೆಕ್ಕ. ಗುರುತಿನ ಮೇಲೆ ಕಾಗದದ ಟೇಪು ಅಂಟಿಸಿ, ಟೈಲ್ಸ್ ಕೊರೆಯುವ 6 ಮಿಲಿಮೀಟರ್ ಬಿಟ್ ಹಾಕಿ, ಸುತ್ತಿಗೆ ಬಂದ್ ಮಾಡಿ ನಿಧಾನವಾಗಿ ತಿರುಗಿಸಬೇಕು. ನಡುನಡುವೆ ಒಂದೆರಡು ಹನಿ ನೀರು ಬಿಟ್ಟರೆ ಬಿಟ್ ಕಾಯುವುದಿಲ್ಲ. ಬಡಗಿ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ ಅದರಿಂದ ತೊಟ್ಟಿಕ್ಕಿಸುತ್ತಿದ್ದರು. ಬೆಳ್ಳಗಿನ ಕೆಸರು ಮೇಲೆ ಬರುತ್ತಿರುತ್ತದೆ; ಅದು ಬೂದುಬಣ್ಣಕ್ಕೆ ತಿರುಗಿತೆಂದರೆ ಟೈಲ್ಸ್ ದಾಟಿ ಗಾರೆಗೆ ಇಳಿಯಿತು ಎಂದರ್ಥ. ಮೂವತ್ತು ಮಿಲಿಮೀಟರ್ ಆಳ ಸಾಕು, ಹೆಚ್ಚು ಬೇಡ. ಬಿಟ್ಟಿಗೆ ಆ ಅಳತೆಯಲ್ಲಿ ಟೇಪು ಸುತ್ತಿಕೊಂಡರೆ ಕೈ ಮೀರುವುದಿಲ್ಲ. ಎಂಬತ್ತು ಸೆಂಟಿಮೀಟರಿನ ಬಾಗಿಲಿಗೆ ನಾಲ್ಕು ಸ್ಕ್ರೂ ಸಾಕಾಗುತ್ತವೆ.

ಕೊರೆಯಲೇಬಾರದ ಬಾಗಿಲುಗಳೂ ಇವೆ. ಕೆಲವು ಮನೆಗಳಲ್ಲಿ ನೀರಿನ ಪೈಪೋ ವೈರಿನ ಪೈಪೋ ಟೈಲ್ಸ್ ಅಡಿಯ ಗಾರೆಯಲ್ಲೇ ಬಾಗಿಲ ಮೂಲಕ ಹಾದುಹೋಗಿರುತ್ತದೆ. ಬಚ್ಚಲಿನ ಬಾಗಿಲ ಬಳಿ ಇದರ ಸಾಧ್ಯತೆ ಹೆಚ್ಚು. ಎತ್ತರದ ಕಟ್ಟಡಗಳಲ್ಲಿ ಕೆಲವಕ್ಕೆ ಉಕ್ಕಿನ ತಂತಿಯನ್ನು ಎಳೆದು ಬಿಗಿದ ಕಾಂಕ್ರೀಟ್ ತಾರಸಿ ಇರುತ್ತದೆ, ಅದಕ್ಕೆ ಆಳವಾಗಿ ಡ್ರಿಲ್ ಇಳಿಸುವುದು ಅಪಾಯ. ಅನುಮಾನವಿದ್ದರೆ ಅಂಟೇ ಸರಿ. ಟೈಲ್ಸ್ ಮೇಲಿನ ಜಿಡ್ಡು, ಮೇಣ ಒರೆಸಿ, ಉಪ್ಪುಕಾಗದದಿಂದ ಸ್ವಲ್ಪ ಉಜ್ಜಿ, ಹಳಿಯ ಅಡಿಗೆ ಮಾತ್ರ ಕಟ್ಟಡ ಕೆಲಸದ ಗಟ್ಟಿ ಅಂಟನ್ನು ಎಳೆದು ಒಂದು ದಿನ ಯಾರೂ ತುಳಿಯದಂತೆ ಬಿಡಬೇಕು. ಮರಗೆಲಸದ ಬಿಳಿ ಅಂಟು ಇಲ್ಲಿ ನಡೆಯುವುದಿಲ್ಲ. ಅದು ಒಣಗಬೇಕಾದರೆ ನೀರನ್ನು ಮರ ಹೀರಬೇಕು, ನುಣ್ಣನೆಯ ಟೈಲ್ಸ್ ಹೀರುವುದಿಲ್ಲ. ಸಿಲಿಕೋನ್ ಬಳಸುವುದಾದರೆ ವಿನೆಗರಿನ ಹುಳಿ ವಾಸನೆ ಬರುವ ಬಗೆ ಬೇಡ, ಅದು ಲೋಹವನ್ನು ತಿನ್ನುತ್ತದೆ; ನ್ಯೂಟ್ರಲ್ ಎಂದು ಬರೆದಿರುವುದನ್ನು ಕೇಳಿ ಪಡೆಯಿರಿ. ಏನೇ ಬಳಸಿದರೂ ಒಂದು ಹನಿಯೂ ಸಂದಿನೊಳಗೆ ಹರಿದು ಹಲಗೆಯ ಅಂಚಿಗೆ ತಾಗಬಾರದು. ತಾಗಿದರೆ ಮತ್ತೆ ನನ್ನ ಜುಲೈ ತಿಂಗಳೇ.

ಪಟ್ಟಿ ಕತ್ತರಿಸುವುದು ಸಣ್ಣ ಕೆಲಸ, ಆದರೂ ಅಳತೆಯನ್ನು ನೆಲದ ಮಟ್ಟದಲ್ಲೇ ತೆಗೆದುಕೊಳ್ಳಿ. ಚೌಕಟ್ಟಿನ ಕಾಲುಗಳು ಮೇಲೊಂದು ಅಗಲ, ಕೆಳಗೊಂದು ಅಗಲ ಇರುವುದುಂಟು. ಪಟ್ಟಿಯ ಹಿಂಬದಿ, ಮುಂಬದಿ ಎರಡನ್ನೂ ಅಳೆಯಿರಿ, ಏಕೆಂದರೆ ಚೌಕಟ್ಟು ಸೊಟ್ಟಗಿದ್ದರೆ ಅಂಚನ್ನು ಓರೆಯಾಗಿ ಕತ್ತರಿಸಬೇಕಾಗುತ್ತದೆ. ಅಲ್ಯೂಮಿನಿಯಂಗೆ ಸಣ್ಣ ಹಲ್ಲಿನ ಹ್ಯಾಕ್ಸಾ, ಆಮೇಲೆ ಅರದಿಂದ ಉಜ್ಜುವುದು. ಬರಿಗಾಲಲ್ಲಿ ಓಡಾಡುವ ಮನೆಗಳು ನಮ್ಮವು, ಚೂಪು ಉಳಿಸಬಾರದು.

ಟೊಪ್ಪಿಗೆಯನ್ನು ಹಳಿಗೆ ಕೂರಿಸುವಾಗ ಒಂದು ತುದಿಯಿಂದ ಒತ್ತುತ್ತಾ ಬಂದು, ಮೇಲೆ ಬಟ್ಟೆ ಅಥವಾ ಮರದ ತುಂಡು ಇಟ್ಟು ರಬ್ಬರ್ ಸುತ್ತಿಗೆಯಿಂದ ಹಗುರವಾಗಿ ತಟ್ಟಬೇಕು. ಟೊಪ್ಪಿಗೆ ಹಲಗೆಯ ಮೇಲೆ ಕೂತಿರಬೇಕು, ಒತ್ತಿ ಹಿಡಿದಿರಬಾರದು. ಮೇಲಿನಿಂದ ಸ್ಕ್ರೂ ಹಾಕುವ ಬಗೆಯ ಪಟ್ಟಿಯಲ್ಲಿ ಈ ತಪ್ಪು ಸುಲಭ: ಸ್ಕ್ರೂ ಸಂದಿನ ನಡುವೆಯೇ ಇಳಿದಿದ್ದರೂ ವಿಪರೀತ ಬಿಗಿದರೆ ಟೊಪ್ಪಿಗೆ ಎರಡೂ ಹಲಗೆಗಳನ್ನು ಇಕ್ಕಳದಂತೆ ಅದುಮುತ್ತದೆ. ಬಡಗಿಯ ಪರೀಕ್ಷೆ ಸರಳವಾಗಿತ್ತು. ಪಟ್ಟಿ ಹಾಕಿದ ಮೇಲೆ ಒಂದು ದಪ್ಪ ಕಾಗದವನ್ನು ಟೊಪ್ಪಿಗೆಯ ಅಂಚಿಗೆ ತೂರಿಸಿದರು. ಸ್ವಲ್ಪ ತಡೆದು ಒಳಗೆ ಹೋಯಿತು. "ಕಾಗದ ಹೋದರೆ ಹಲಗೆಯೂ ಹೋಗುತ್ತದೆ" ಎಂದರು.

ಯಾವುದರಿಂದ ಮಾಡಿದ ಪಟ್ಟಿ ಒಳ್ಳೆಯದು? ಹಲಗೆಯ ಬಣ್ಣಕ್ಕೇ ಹೊಂದುವ ಎಂ.ಡಿ.ಎಫ್. ಪಟ್ಟಿ, ಅಂದರೆ ಮರದ ನಾರನ್ನು ಒತ್ತಿ ಮಾಡಿದ್ದು, ಕಣ್ಣಿಗೆ ಹಿತ. ಎರಡು ಒಣ ಕೋಣೆಗಳ ನಡುವೆ ಹಾಕಲು ಅಡ್ಡಿಯಿಲ್ಲ. ಆದರೆ ದಿನವೂ ಒದ್ದೆ ಬಟ್ಟೆಯಿಂದ ನೆಲ ಒರೆಸುವ ಮನೆಯಲ್ಲಿ ಅದರ ಅಂಚು ನೀರು ಕುಡಿದು ಬಿರಿಯುತ್ತದೆ. ಅಲ್ಯೂಮಿನಿಯಂ ಸ್ವಲ್ಪ ಕಚೇರಿಯ ನೋಟ ಕೊಡುತ್ತದೆ ಎಂದು ನನ್ನ ಹೆಂಡತಿಯ ಆಕ್ಷೇಪ, ಅದರಲ್ಲಿ ಹುರುಳಿದೆ. ಆದರೂ ಬಾಳಿಕೆಯಲ್ಲಿ ಅದನ್ನು ಮೀರಿಸುವುದು ಕಷ್ಟ. ಬಚ್ಚಲು, ಅಡುಗೆಮನೆಯ ಕಡೆಗೆ ತೆರೆಯುವ ಬಾಗಿಲಿಗೆ ನಾನು ಬೇರೆ ಯಾವುದನ್ನೂ ಹಾಕಿಸಲಾರೆ. ಹಿತ್ತಾಳೆ ಬಣ್ಣದ್ದು ಮದುವೆಮನೆಯ ಕಳೆ ಕೊಡುತ್ತದೆ, ಇಷ್ಟವಿದ್ದವರು ಹಾಕಿಸಿಕೊಳ್ಳಲಿ.

ಪಟ್ಟಿಯೇ ಬೇಡ, ಇಡೀ ಮನೆ ಒಂದೇ ಹಾಸಾಗಿ ಕಾಣಬೇಕು ಎನ್ನುವ ಷೋಕಿ ಈಗ ಜೋರಾಗಿದೆ. ಚಿತ್ರದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಬಾಗಿಲಿನ ಕುತ್ತಿಗೆಯಿಲ್ಲದ, ಒಂದೇ ಚೌಕದ ಹಾಲಾದರೆ ಸಾಮಾನ್ಯವಾಗಿ ಎಂಟು-ಹತ್ತು ಮೀಟರ್ ಉದ್ದದವರೆಗೆ ಪಟ್ಟಿಯಿಲ್ಲದೆ ಹಾಸಬಹುದು. ಅದಕ್ಕೂ ಮೀರಿದರೆ ಅಥವಾ ಬಾಗಿಲು ಅಡ್ಡ ಬಂದರೆ ಪೆಟ್ಟಿಗೆಯೊಳಗಿನ ಸೂಚನಾ ಪತ್ರವನ್ನು ಓದಿ. ಪಟ್ಟಿ ಹಾಕದಿದ್ದರೆ ವಾರಂಟಿ ಇಲ್ಲ ಎಂಬ ಸಾಲು ಅದರಲ್ಲಿ ಬಹಳ ಸಲ ಇರುತ್ತದೆ. ಹಾಸುವವರು ಆ ಪತ್ರವನ್ನು ಪೆಟ್ಟಿಗೆಯ ಜೊತೆಗೇ ರದ್ದಿಗೆ ಹಾಕುತ್ತಾರೆ, ಎತ್ತಿಟ್ಟುಕೊಳ್ಳಬೇಕಾದವರು ನಾವು.

ನನ್ನ ಬಾಗಿಲಿನ ರಿಪೇರಿಗೆ ಮೂರು ಗಂಟೆ ಹಿಡಿಯಿತು. ಒಣಗಿದ ಸಿಲಿಕೋನನ್ನು ಉಳಿಯಿಂದ ಕೆರೆದು, ಸ್ಕ್ರೂ ತೂತುಗಳಿದ್ದ ಅಂಚುಗಳನ್ನು ಎರಡೂ ಕಡೆಯಿಂದ ನೇರ ಗೆರೆಗೆ ಕೊಯ್ದು, ಸಂದನ್ನು 28 ಮಿಲಿಮೀಟರಿಗೆ ತಂದರು. ಕೊಯ್ಯುವಾಗ ಎದ್ದ ಪುಡಿ ಮೂರನೆಯ ಕೋಣೆಯ ಪುಸ್ತಕಗಳ ಮೇಲೂ ಕೂತಿತು. ಅದೃಷ್ಟಕ್ಕೆ ಹಳೆಯ ತೂತುಗಳೆಲ್ಲ ಕತ್ತರಿಸಿದ ಭಾಗದಲ್ಲೇ ಹೋದವು, ಹೊಸ ಹಲಗೆ ಬೇಕಾಗಲಿಲ್ಲ. ಉಬ್ಬು ಅಂದೇ ಪೂರ್ತಿ ಇಳಿಯಲಿಲ್ಲ. ಕೆಲವು ದಿನ ಕಳೆದ ಮೇಲೆ ಗಮನಿಸಿದರೆ ಎಲ್ಲಿತ್ತೆಂದು ಗುರುತಿಸಲಾಗದಷ್ಟು ಮಟ್ಟಸವಾಗಿತ್ತು. ಆ ಜಾಗದಲ್ಲಿ ಒಂದು ಕ್ಲಿಕ್ ಮಾತ್ರ ಸ್ವಲ್ಪ ಸಡಿಲವಾಗಿದೆ, ಮಳೆ ಜೋರಾದ ದಿನ ತುಳಿದರೆ ಈಗಲೂ ಸಣ್ಣಗೆ ಕಿರ್ರೆನ್ನುತ್ತದೆ.